ಜೋರಾಸಾಂಕೊ: ಉಳಿದ ಮನೆ, ಅಳಿದ ಮನೆ

ಮಲೆನಾಡು, ಕರಾವಳಿಯ ಜನರಿಗೆ ‘ಸಂಕ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳ ದಾಟಲು ಈ ದಡದಿಂದ ಆ ದಡಕ್ಕೆ ಅಡಕೆ ಮರವನ್ನೋ ದಿಮ್ಮಿಯನ್ನೋ ಹಾಸಿದರೆ ಅದೇ ಸಂಕ. ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳು, ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಜೀವ ಕೈಯಲ್ಲಿ ಹಿಡಿದು ಅದರ ಮೇಲೆ ದಾಟುತ್ತಾರೆ. ಬಂಗಾಳದಲ್ಲೂ ಇಂಥ ಕಾಲುಸೇತುವೆಗಳಿವೆ. ಅಲ್ಲಿಯವರ ಬಾಯಲ್ಲಿ ಅದು ‘ಸಾಂಕೊ’. ಒಂದು ಕಾಲದಲ್ಲಿ ಹೀಗೆ ಜೋಡಿ ಸಂಕ ಇದ್ದ ಜಾಗವೇ ಉತ್ತರ ಕೋಲ್ಕತ್ತದ ಜೋರಾಸಾಂಕೊ ಎನ್ನುತ್ತಾರೆ.

ಇಂದು ಅಲ್ಲಿ ಹಳ್ಳವೂ ಇಲ್ಲ, ಸಂಕವೂ ಇಲ್ಲ. ಹಿಂದೆ ಚಿತ್ಪುರ ರಸ್ತೆ ಎನಿಸಿಕೊಂಡಿದ್ದ, ಈಗ ರವೀಂದ್ರ ಸರಣಿ ಎಂಬ ಹೆಸರಿನ ಗಿಜಿಗುಡುವ ರಸ್ತೆಯಿಂದ ಒಂದು ಓಣಿ ಒಡೆಯುತ್ತದೆ. ಆ ಓಣಿಗೆ ದ್ವಾರಕಾನಾಥ ಟ್ಯಾಗೋರರ ಹೆಸರು. ಒಳಗೆ ಹೋದರೆ ಇಟ್ಟಿಗೆಗೆಂಪು ಗೋಡೆ, ಹಸಿರು ಕಿಟಕಿಗಳ ದೊಡ್ಡ ಮನೆ. ರವೀಂದ್ರನಾಥ ಟ್ಯಾಗೋರರು 1861ರ ಮೇ 7ರಂದು ಹುಟ್ಟಿದ್ದು ಇದೇ ಮನೆಯಲ್ಲಿ. 1941ರ ಆಗಸ್ಟ್ 7ರಂದು ತೀರಿಕೊಂಡದ್ದೂ ಇಲ್ಲಿಯೇ. ಅವರ ಹುಟ್ಟಿದ ದಿನ, ತೀರಿಕೊಂಡ ದಿನಗಳಂದು ಜನ ಸಾಲುಗಟ್ಟಿ ಬರುತ್ತಾರೆ.

ಹೀಗೆ ಬಂದವರು ನೋಡುವುದು ಮಾತ್ರ ಅರ್ಧ ಮನೆ. ಅದೇ ಅಂಗಳಕ್ಕೆ ಹೊಂದಿಕೊಂಡು ಇನ್ನೊಂದು ಮನೆ ಇತ್ತು. ಉಳಿದಿರುವುದು ಓಣಿಯ 6ನೇ ನಂಬರಿನ ಮನೆ, ಅಳಿದುಹೋದದ್ದು 5ನೇ ನಂಬರಿನ ಮನೆ. ಒಂದೇ ಮನೆತನದ ಈ ಎರಡು ಮನೆಗಳ ನಡುವೆ ಸುಮಾರು ಒಂದು ಶತಮಾನ ಕಾಲ ನಡೆದ ಓಡಾಟದಿಂದಲೇ ಆಧುನಿಕ ಬಂಗಾಳದ ಸಾಹಿತ್ಯ, ಸಂಗೀತ, ನಾಟಕ, ಚಿತ್ರಕಲೆಗಳ ಬಹುಪಾಲು ಬೆಳೆದು ಬಂತು. ಮನೆ ಪಾಲಾಯಿತೆಂದರೆ ಕೆಟ್ಟಿತು ಎಂದೇ ನಮ್ಮಲ್ಲಿ ಮಾತು. ಜೋರಾಸಾಂಕೊದ ಚರಿತ್ರೆ ಮೊದಲಿನಿಂದ ಕೊನೆಯವರೆಗೂ ಪಾಲಿನ ಚರಿತ್ರೆಯೇ. ಆದರೆ ಅಲ್ಲಿ ಪ್ರತಿ ಪಾಲಿನ ಬೆನ್ನಿಗೂ ಹೊಸದೊಂದು ಹುಟ್ಟಿಕೊಂಡಿತು.

ದೇವರ ಹೆಸರಿಗೆ ಬಂದ ಜಾಗ

ಟ್ಯಾಗೋರರ ಪೂರ್ವಿಕರ ಮನೆಹೆಸರು ಕುಶಾರಿ. ಮೂಲ ನೆಲೆ ಪೂರ್ವ ಬಂಗಾಳದ ಜೆಸ್ಸೂರ್ ಸೀಮೆ. ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ ಪಂಚಾನನ ಕುಶಾರಿ ಎಂಬವರು ಹೂಗ್ಲಿ ನದಿಯ ದಡದ ಗೋವಿಂದಪುರಕ್ಕೆ ಬಂದು ನೆಲೆಸಿದರು. ಕಲ್ಕತ್ತ ಆಗಿನ್ನೂ ನಗರವಾಗಿರಲಿಲ್ಲ. ನದಿಗೆ ಬರುತ್ತಿದ್ದ ವಿದೇಶಿ ಹಡಗುಗಳಿಗೆ ದಿನಸಿ ಸಾಮಾನು ಒದಗಿಸುವುದು ಪಂಚಾನನರ ಕಸುಬು. ಊರಿನ ಮೀನುಗಾರರು ಮೊದಲಾದವರು ಈ ಬ್ರಾಹ್ಮಣನನ್ನು ಗೌರವದಿಂದ ‘ಠಾಕೂರ್’ ಎಂದು ಕರೆದರು. ನಮ್ಮಲ್ಲಿ ‘ಸ್ವಾಮಿ’ ಅಂದ ಹಾಗೆ. ಹಡಗಿನ ಸಾಹೇಬರು ಅದನ್ನೇ ಹೆಸರೆಂದು ತಿಳಿದರು. ಅವರ ನಾಲಗೆಯಲ್ಲಿ ಠಾಕೂರ್ ಹೋಗಿ ಟ್ಯಾಗೋರ್ ಆಯಿತು.

ಊರವರು ಸ್ವಾಮಿ ಎಂದರೂ ಸ್ವಜಾತಿಯವರು ಈ ಮನೆತನವನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಇವರು ‘ಪಿರಾಲಿ’ ಬ್ರಾಹ್ಮಣರು. ಹಿಂದೆಂದೋ ಮುಸಲ್ಮಾನರ ಸಂಪರ್ಕದಿಂದ ಜಾತಿ ಕೆಟ್ಟವರು ಎಂಬ ಅಪವಾದ ಹೊತ್ತವರು. ಇತರ ಬ್ರಾಹ್ಮಣರು ಇವರೊಂದಿಗೆ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ, ಹೆಣ್ಣು ಕೊಟ್ಟು ತರುತ್ತಿರಲಿಲ್ಲ. ಎಷ್ಟು ಸಿರಿವಂತರಾದರೂ ಸೊಸೆಯರನ್ನು ಜೆಸ್ಸೂರ್, ಖುಲ್ನಾ ಕಡೆಯ ಬಡ ಪಿರಾಲಿ ಕುಟುಂಬಗಳಿಂದಲೇ ತರಬೇಕಾಗುತ್ತಿತ್ತು. ಸಂಪ್ರದಾಯ ತಮ್ಮನ್ನು ಹೊರಗಿಟ್ಟಿದ್ದರಿಂದಲೇ ಈ ಮನೆಯವರಿಗೆ ಸಂಪ್ರದಾಯವನ್ನು ಮೀರುವ ಧೈರ್ಯ ಬಂತು ಎಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ.

1757ರ ಪ್ಲಾಸಿ ಯುದ್ಧದ ನಂತರ ಇಂಗ್ಲಿಷರು ಗೋವಿಂದಪುರದ ಜಾಗದಲ್ಲಿ ಹೊಸ ಫೋರ್ಟ್ ವಿಲಿಯಂ ಕೋಟೆ ಕಟ್ಟತೊಡಗಿದರು. ಅಲ್ಲಿದ್ದ ಕುಟುಂಬಗಳು ಎದ್ದು ಹೋಗಬೇಕಾಯಿತು. ಪಂಚಾನನರ ಮೊಮ್ಮಕ್ಕಳಾದ ನೀಲಮಣಿ ಮತ್ತು ದರ್ಪನಾರಾಯಣ ಉತ್ತರಕ್ಕೆ ಸರಿದು ಪಥುರಿಯಾಘಾಟಾ ಎಂಬಲ್ಲಿ ಮನೆ ಮಾಡಿದರು. ನೀಲಮಣಿ ಕಂಪನಿ ಸರ್ಕಾರದ ಕಚೇರಿಯಲ್ಲಿ ಶಿರಸ್ತೇದಾರರಾಗಿ ದೂರದ ಊರುಗಳಲ್ಲಿ ದುಡಿದು ತಮ್ಮನಿಗೆ ಹಣ ಕಳುಹಿಸುತ್ತಿದ್ದರು. ಊರಿಗೆ ಮರಳಿದ ಮೇಲೆ ಆಸ್ತಿಯ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಜಗಳವಾಯಿತು. ನೀಲಮಣಿ ಒಂದು ಲಕ್ಷ ರೂಪಾಯಿ ಮತ್ತು ಮನೆದೇವರು ಲಕ್ಷ್ಮೀಜನಾರ್ದನ ಸಾಲಿಗ್ರಾಮವನ್ನು ತೆಗೆದುಕೊಂಡು ಹೊರಬಿದ್ದರು.

ಜೋರಾಸಾಂಕೊದ ವೈಷ್ಣವಚರಣ ಸೇಠ್ ಎಂಬ ವರ್ತಕರು ಆಗ ನೆರವಿಗೆ ಬಂದರು. ಅವರು ಜಾಗ ಕೊಡಲು ಮುಂದಾದರೂ ಶೂದ್ರರಿಂದ ದಾನ ತೆಗೆದುಕೊಳ್ಳಲು ನೀಲಮಣಿ ಒಪ್ಪಲಿಲ್ಲವಂತೆ. ಹಾಗಾಗಿ ಜಾಗವನ್ನು ಮನೆದೇವರ ಹೆಸರಿಗೆ ಬಿಟ್ಟುಕೊಡಲಾಯಿತು ಎಂದು ಮನೆತನದ ಕಥನ ಹೇಳುತ್ತದೆ. 1784ರಲ್ಲಿ ಅಲ್ಲಿ ಮನೆ ಎದ್ದಿತು. ಅಂದರೆ ಟ್ಯಾಗೋರರ ಜೋರಾಸಾಂಕೊ ಮನೆಯ ಮೊದಲ ಒಡೆಯ ನೀಲಮಣಿ ಅಲ್ಲ, ಲಕ್ಷ್ಮೀಜನಾರ್ದನ. ಮುಂದಿನ ಕಥೆಗೆ ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ದ್ವಾರಕಾನಾಥರ ಬೈಠಕ್‌ಖಾನೆ

ನೀಲಮಣಿ 1791ರಲ್ಲಿ ತೀರಿಕೊಂಡರು. ಅವರ ಮೊಮ್ಮಗ ದ್ವಾರಕಾನಾಥ ಹುಟ್ಟಿದ್ದು 1794ರಲ್ಲಿ. ದೊಡ್ಡಪ್ಪ ರಾಮಲೋಚನರಿಗೆ ಗಂಡು ಸಂತಾನವಿರಲಿಲ್ಲ. ಅವರು ತಮ್ಮನ ಮಗನನ್ನೇ ದತ್ತು ತೆಗೆದುಕೊಂಡರು. ಮಧ್ಯಮ ಸ್ಥಿತಿಯ ಜಮೀನುದಾರರ ಮನೆಯನ್ನು ಬಂಗಾಳದ ಅತ್ಯಂತ ದೊಡ್ಡ ಮನೆಗಳ ಸಾಲಿಗೆ ಸೇರಿಸಿದವರು ಈ ದ್ವಾರಕಾನಾಥ.

ಅವರು ಕಾನೂನು ಬಲ್ಲವರು, ಇಂಗ್ಲಿಷ್ ಬಲ್ಲವರು. ಕಂಪನಿಯ ಉಪ್ಪು ಮತ್ತು ಅಫೀಮಿನ ಇಲಾಖೆಯಲ್ಲಿ ದಿವಾನರಾಗಿದ್ದರು. 1829ರಲ್ಲಿ ಯೂನಿಯನ್ ಬ್ಯಾಂಕ್ ಸ್ಥಾಪನೆಯಾದಾಗ ಅದರ ಹಿಂದೆ ಅವರ ಕೈ ಇತ್ತು. 1834ರಲ್ಲಿ ಸರ್ಕಾರಿ ಕೆಲಸ ಬಿಟ್ಟು ವಿಲಿಯಂ ಕಾರ್ ಎಂಬ ಇಂಗ್ಲಿಷ್ ವರ್ತಕನ ಜೊತೆ ‘ಕಾರ್, ಟ್ಯಾಗೋರ್ ಅಂಡ್ ಕಂಪನಿ’ ತೆರೆದರು. ಭಾರತೀಯನೊಬ್ಬ ಯುರೋಪಿಯನ್ನನ ಜೊತೆ ಸರಿಸಮ ಪಾಲುದಾರನಾಗಿ ವ್ಯಾಪಾರಕ್ಕಿಳಿದದ್ದು ಆಗ ದೊಡ್ಡ ಸುದ್ದಿ. ರಾಣಿಗಂಜಿನ ಕಲ್ಲಿದ್ದಲು ಗಣಿ, ನೀಲಿ, ರೇಷ್ಮೆ, ಸಕ್ಕರೆ, ಹಡಗುಗಳನ್ನು ಎಳೆಯುವ ಉಗಿದೋಣಿ, ಹೀಗೆ ಅವರು ಕೈಹಾಕದ ವ್ಯವಹಾರವಿಲ್ಲ. ಚೀನಾಕ್ಕೆ ಅಫೀಮು ಸಾಗಿಸುವ ಹಡಗಿನಲ್ಲೂ ಅವರ ಪಾಲಿತ್ತು. ಮುಂದೆ ಇಡೀ ದೇಶದ ಗೌರವಕ್ಕೆ ಪಾತ್ರವಾದ ಮನೆಯ ಬುನಾದಿಯಲ್ಲಿ ಈ ಹಣವೂ ಸೇರಿದೆ ಎಂಬುದನ್ನು ಮರೆಮಾಚುವಂತಿಲ್ಲ.

ಇಂಥ ಮನುಷ್ಯನಿಗೆ ಸಾಹೇಬರು, ಮೇಮುಗಳು ಬಂದು ಹೋಗಲು ಜಾಗ ಬೇಕಲ್ಲ? ಹಳೆಯ ಮನೆಯ ಪಕ್ಕದಲ್ಲೇ 1823ರಲ್ಲಿ ಅವರು ಬೈಠಕ್‌ಖಾನೆ ಮನೆ ಕಟ್ಟಿಸಿದರು. ಅತಿಥಿ ಸತ್ಕಾರಕ್ಕೆಂದೇ ಮೀಸಲಾದ ಮನೆ. ಮುಂದೆ 5ನೇ ನಂಬರ್ ಆದದ್ದು ಇದೇ.

ಎರಡನೇ ಮನೆಗೆ ಇನ್ನೊಂದು ಉಪಯೋಗವೂ ಒದಗಿ ಬಂತು. ದ್ವಾರಕಾನಾಥರ ಪತ್ನಿ ದಿಗಂಬರಿ ದೇವಿ ಕಟ್ಟುನಿಟ್ಟಿನ ವೈಷ್ಣವ ಆಚಾರದವರು. ಗಂಡ ಸಾಹೇಬರ ಮೇಜಿನಲ್ಲಿ ಮದ್ಯ ಮಾಂಸ ಸೇವಿಸುತ್ತಾರೆಂದು ತಿಳಿದಾಗ ಅವರು ಪಂಡಿತರನ್ನು ಕರೆಸಿ ತಮ್ಮ ಕರ್ತವ್ಯವೇನೆಂದು ಕೇಳಿದರಂತೆ. ಗಂಡನ ಸೇವೆ ಬಿಡುವಂತಿಲ್ಲ, ಸಹವಾಸ ಬೇಡ ಎಂದು ಪಂಡಿತರು ಹೇಳಿದರು. ಅಂದಿನಿಂದ ಆ ಹೆಂಗಸು ಗಂಡನ ಊಟ ಉಪಚಾರದಲ್ಲಿ ಲೋಪ ಮಾಡಲಿಲ್ಲ. ಆದರೆ ಅವರೊಡನೆ ಮಾತನಾಡಬೇಕಾಗಿ ಬಂದಾಗಲೆಲ್ಲ ಗಂಗಾಜಲದಲ್ಲಿ ಸ್ನಾನ ಮಾಡುತ್ತಿದ್ದರು. ದ್ವಾರಕಾನಾಥ ವಾಸವನ್ನೇ ಬೈಠಕ್‌ಖಾನೆಗೆ ಬದಲಿಸಿದರು. ಗಂಡ ಒಂದು ಮನೆ, ಹೆಂಡತಿ ಒಂದು ಮನೆ. ದಿಗಂಬರಿ ದೇವಿ 1839ರಲ್ಲಿ ತೀರಿಕೊಂಡರು.

ಸಾಲ ತೀರಿಸಿದ ಮಗ

ದ್ವಾರಕಾನಾಥ ಎರಡು ಸಲ ಇಂಗ್ಲೆಂಡಿಗೆ ಹೋದರು. ವಿಕ್ಟೋರಿಯಾ ರಾಣಿಯ ಅತಿಥಿಯಾದರು. ಅವರ ವೈಭವ ಕಂಡ ಜನ ‘ಪ್ರಿನ್ಸ್’ ಎಂದೇ ಕರೆದರು. 1846ರ ಆಗಸ್ಟ್ 1ರಂದು ಲಂಡನ್ನಿನಲ್ಲೇ ಕೊನೆಯುಸಿರೆಳೆದರು. ಅವರ ಸಮಾಧಿ ಅಲ್ಲಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿದೆ.

ಒಂದೂವರೆ ವರ್ಷದಲ್ಲಿ ಕಟ್ಟಡ ಕುಸಿಯಿತು. ಯೂನಿಯನ್ ಬ್ಯಾಂಕ್ ಮುಳುಗಿತು, 1848ರ ಆರಂಭದಲ್ಲಿ ಕಾರ್, ಟ್ಯಾಗೋರ್ ಕಂಪನಿಯೂ ಬಾಗಿಲು ಹಾಕಿತು. ಒಟ್ಟು ಸಾಲ ಒಂದು ಕೋಟಿ, ಬರಬೇಕಾದದ್ದು ಎಪ್ಪತ್ತು ಲಕ್ಷ ಎಂದು ಹಿರಿಯ ಮಗ ದೇವೇಂದ್ರನಾಥ ತಮ್ಮ ಆತ್ಮಚರಿತ್ರೆಯಲ್ಲಿ ಲೆಕ್ಕ ಕೊಟ್ಟಿದ್ದಾರೆ. ಆಗ ಅವರ ವಯಸ್ಸು ಮೂವತ್ತು.

ದ್ವಾರಕಾನಾಥ ಮುಂದಾಲೋಚನೆಯಿಂದ 1840ರಲ್ಲೇ ಮುಖ್ಯ ಜಮೀನುಗಳನ್ನು ಟ್ರಸ್ಟ್ ಮಾಡಿ ಇಟ್ಟಿದ್ದರು. ಸಾಲಗಾರರು ಕಾನೂನಿನ ಪ್ರಕಾರ ಆ ಆಸ್ತಿಯನ್ನು ಮುಟ್ಟುವಂತಿರಲಿಲ್ಲ. ದೇವೇಂದ್ರನಾಥ ಆ ರಕ್ಷಣೆಯ ಹಿಂದೆ ಅವಿತುಕೊಳ್ಳಲಿಲ್ಲ. ಸಾಲ ಕೊಟ್ಟವರ ಸಭೆ ಕರೆದು ಟ್ರಸ್ಟಿನ ಆಸ್ತಿಯನ್ನೂ ಒಪ್ಪಿಸಲು ಸಿದ್ಧ ಎಂದರು. ಎದುರಿಗೆ ಕುಳಿತವರಲ್ಲಿ ಕೆಲವರ ಕಣ್ಣಲ್ಲಿ ನೀರು ಬಂತು ಎಂದು ಅವರೇ ಬರೆದಿದ್ದಾರೆ. ಆಸ್ತಿಯ ಆಡಳಿತವನ್ನು ಕೈಗೆ ತೆಗೆದುಕೊಂಡ ಸಾಲಗಾರರು ಕುಟುಂಬದ ಖರ್ಚಿಗೆ ವರ್ಷಕ್ಕೆ ಇಪ್ಪತ್ತೈದು ಸಾವಿರ ರೂಪಾಯಿ ಗೊತ್ತುಮಾಡಿದರು. ಮೇಜು, ಕುರ್ಚಿ, ಗಾಡಿ, ಕುದುರೆಗಳು ಮಾರಾಟವಾದವು. ವರ್ಷಗಟ್ಟಲೆ ಹಿಡಿದರೂ ಸಾಲ ತೀರಿತು. ಶಿಲಾಯಿದಹ, ಶಾಹಜಾದ್‌ಪುರದಂಥ ಜಮೀನುದಾರಿ ಹಳ್ಳಿಗಳು ಮನೆತನದ ಕೈಯಲ್ಲೇ ಉಳಿದವು. ಮುಂದೆ ರವೀಂದ್ರನಾಥರ ಕಥೆ, ಪತ್ರಗಳಲ್ಲಿ ಪದ್ಮಾ ನದಿ ಹರಿದದ್ದು ಈ ಹಳ್ಳಿಗಳಿಂದ.

ದೇವರು ಮನೆ ಬದಲಿಸಿದ್ದು

ಹಣದ ಬಿಕ್ಕಟ್ಟಿಗಿಂತ ಆಳವಾದ ಬಿಕ್ಕಟ್ಟು ಧರ್ಮದ್ದು. ದೇವೇಂದ್ರನಾಥ 1839ರಲ್ಲಿ ತತ್ತ್ವಬೋಧಿನೀ ಸಭಾ ಕಟ್ಟಿದ್ದರು. 1843ರಲ್ಲಿ ರಾಜಾ ರಾಮಮೋಹನ ರಾಯರ ದಾರಿಯ ಬ್ರಾಹ್ಮ ಧರ್ಮಕ್ಕೆ ದೀಕ್ಷೆ ಪಡೆದರು. ನಿರಾಕಾರ ದೇವರೊಬ್ಬನೇ, ವಿಗ್ರಹ ಪೂಜೆ ಸಲ್ಲದು ಎಂಬುದು ಅವರ ನಿಲುವು. ಮನೆಯಲ್ಲಿ ನೋಡಿದರೆ ನಿತ್ಯ ಸಾಲಿಗ್ರಾಮ ಪೂಜೆ, ವರ್ಷಕ್ಕೊಮ್ಮೆ ಅದ್ದೂರಿಯ ದುರ್ಗಾ ಪೂಜೆ! ಮನೆಯವರೊಡನೆ ಜಗಳವಾಡುವ ಬದಲು ದೇವೇಂದ್ರನಾಥ ದುರ್ಗಾ ಪೂಜೆಯ ದಿನಗಳಲ್ಲಿ ಊರು ಬಿಟ್ಟು ಪ್ರವಾಸ ಹೊರಡುತ್ತಿದ್ದರು. ತಂದೆಯ ಶ್ರಾದ್ಧದಲ್ಲೂ ಅವರು ಉಪನಿಷತ್ತಿನ ಮಂತ್ರ ಹೇಳಿ ದಾನ ಕೊಟ್ಟು ಎದ್ದು ಹೋದರು. ಸಾಂಪ್ರದಾಯಿಕ ವಿಧಿಗಳನ್ನು ತಮ್ಮ ಗಿರೀಂದ್ರನಾಥ ನೆರವೇರಿಸಿದರು. ನೆಂಟರಿಷ್ಟರು ಅಣ್ಣನ ಮೇಲೆ ಮುನಿಸಿಕೊಂಡರು.

ಗಿರೀಂದ್ರನಾಥ 1854ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಆ ಬಳಿಕ ದೇವೇಂದ್ರನಾಥ ಮನೆಯಲ್ಲಿ ವಿಗ್ರಹ ಪೂಜೆ ನಿಲ್ಲಿಸಲು ಹೊರಟಾಗ ಎದುರು ನಿಂತವರು ಗಿರೀಂದ್ರನಾಥರ ವಿಧವೆ ಯೋಗಮಾಯಾ ದೇವಿ. ತಲೆತಲಾಂತರದಿಂದ ಬಂದ ದೇವರನ್ನು ಬಿಡಲು ಆಕೆ ಸಿದ್ಧರಿರಲಿಲ್ಲ. ಲಕ್ಷ್ಮೀಜನಾರ್ದನನನ್ನು ತೆಗೆದುಕೊಂಡು, ಮಕ್ಕಳನ್ನು ಕರೆದುಕೊಂಡು ಆಕೆ ಮಾವ ಕಟ್ಟಿಸಿದ್ದ ಬೈಠಕ್‌ಖಾನೆ ಮನೆಗೆ ನಡೆದರು. ದೇವರ ಹೆಸರಿನಲ್ಲಿ ಬಂದ ಜಾಗದಲ್ಲಿ ಕಟ್ಟಿದ ಮನೆಯಿಂದ ದೇವರೇ ಹೊರಟು ಹೋದಂತಾಯಿತು. ಸಾಹೇಬರ ಊಟದ ಮೇಜಿಗೆಂದು ಕಟ್ಟಿಸಿದ ಮನೆ ಸಾಲಿಗ್ರಾಮದ ಮನೆಯಾಯಿತು.

ಅಲ್ಲಿಂದ 6ನೇ ನಂಬರು ಬ್ರಾಹ್ಮರ ಮನೆ, 5ನೇ ನಂಬರು ಹಿಂದೂ ಸಂಪ್ರದಾಯದ ಮನೆ. ಒಂದು ಕಡೆ ಉಪನಿಷತ್ತಿನ ಪ್ರಾರ್ಥನೆ, ಇನ್ನೊಂದು ಕಡೆ ಗಂಟೆ, ಆರತಿ. ಆದರೆ ಮಕ್ಕಳು, ಗಂಡಸರು ಎರಡು ಮನೆಗಳ ನಡುವೆ ಓಡಾಡಿಕೊಂಡೇ ಇದ್ದರು. ನಂಬಿಕೆ ಪಾಲಾದರೂ ನಂಟು ಪಾಲಾಗಲಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ಜೋರಾಸಾಂಕೊ ನಾಟ್ಯಶಾಲೆ. 5ನೇ ನಂಬರಿನ ಗಣೇಂದ್ರನಾಥ, ಗುಣೇಂದ್ರನಾಥ ಮತ್ತು 6ನೇ ನಂಬರಿನ ಜ್ಯೋತಿರಿಂದ್ರನಾಥ ಕೂಡಿ ಇದನ್ನು ಕಟ್ಟಿದರು. ಬಹುಪತ್ನಿತ್ವದ ಕೆಡುಕನ್ನು ತೋರಿಸುವ ನಾಟಕಕ್ಕೆ ಬಹುಮಾನ ಸಾರಿದರು. ರಾಮನಾರಾಯಣ ತರ್ಕರತ್ನರು ‘ನವನಾಟಕ’ ಬರೆದುಕೊಟ್ಟರು. 1867ರ ಜನವರಿಯಲ್ಲಿ ಅದು 5ನೇ ನಂಬರಿನ ಮನೆಯಲ್ಲಿ ರಂಗಕ್ಕೆ ಬಂತು. ಸಾಲಿಗ್ರಾಮವಿದ್ದ ಮನೆಯಲ್ಲೇ ಸಮಾಜ ಸುಧಾರಣೆಯ ನಾಟಕ!

ಒಳಮನೆಯ ಹೊಸ್ತಿಲು

ಸುಧಾರಕರ ಮನೆಯ ಒಳಗಿನ ಸ್ಥಿತಿಯೂ ಅಷ್ಟು ಸರಳವಾಗಿರಲಿಲ್ಲ. ದೇವೇಂದ್ರನಾಥ ವಿಗ್ರಹ ಬಿಟ್ಟರು, ಅಂತಃಪುರದ ಪದ್ಧತಿ ಬಿಡಲಿಲ್ಲ. ಹೊರಮನೆ ಗಂಡಸರದು, ಒಳಮನೆ ಹೆಂಗಸರದು. ಹೆಂಗಸರು ಗಂಗಾಸ್ನಾನಕ್ಕೆ ಹೋದರೆ ಬೋಯಿಗಳು ಮುಚ್ಚಿದ ಪಲ್ಲಕ್ಕಿಯನ್ನೇ ನದಿಯಲ್ಲಿ ಮುಳುಗಿಸಿ ಎತ್ತುತ್ತಿದ್ದರು.

ಈ ಹೊಸ್ತಿಲನ್ನು ಮೊದಲು ದಾಟಿದವರು ಜ್ಞಾನದಾನಂದಿನಿ ದೇವಿ. ದೇವೇಂದ್ರನಾಥರ ಎರಡನೆಯ ಮಗ ಸತ್ಯೇಂದ್ರನಾಥರ ಪತ್ನಿ. ಸತ್ಯೇಂದ್ರನಾಥ 1863ರಲ್ಲಿ ಐ.ಸಿ.ಎಸ್. ಪರೀಕ್ಷೆ ಗೆದ್ದ ಮೊದಲ ಭಾರತೀಯ. ಅವರಿಗೆ ಮುಂಬಯಿ ಪ್ರಾಂತದಲ್ಲಿ ಕೆಲಸ ಸಿಕ್ಕಿತು. ಹೆಂಡತಿಯನ್ನು ಜೊತೆಯಲ್ಲಿ ಕರೆದೊಯ್ಯಲು ತಂದೆ ಒಪ್ಪಿದರು. ಆದರೆ ಸೊಸೆ ಮನೆಯಂಗಳವನ್ನು ನಡೆದು ದಾಟಿ ಗಾಡಿ ಹತ್ತುವುದಕ್ಕೆ ಒಪ್ಪಲಿಲ್ಲ. ಹಡಗಿನವರೆಗೂ ಪಲ್ಲಕ್ಕಿಯೇ. ಹೊರಗೆ ಉಟ್ಟು ಹೋಗಲು ಸರಿಯಾದ ಉಡುಪೂ ಆಕೆಗಿರಲಿಲ್ಲ. ಮನೆಯೊಳಗೆ ಆಗಿನ ಬಂಗಾಳಿ ಹೆಂಗಸರು ಉಡುತ್ತಿದ್ದುದು ಒಂದು ತೆಳುವಾದ ಸೀರೆ ಮಾತ್ರ.

ಮುಂಬಯಿಯಲ್ಲಿ ಪಾರ್ಸಿ ಹೆಂಗಸರ ಉಡುಗೆ ನೋಡಿ ಆಕೆ ಕುಪ್ಪಸ, ಒಳಲಂಗ ತೊಟ್ಟು ಸೀರೆ ಉಡುವ ಹೊಸ ರೀತಿ ಕಲಿತರು. ಅದನ್ನು ಕಲ್ಕತ್ತಕ್ಕೆ ತಂದರು. ಬ್ರಾಹ್ಮ ಸಮಾಜದ ಹೆಂಗಸರು ಮೊದಲು ಅನುಸರಿಸಿದ ಈ ರೀತಿ ಮುಂದೆ ಬಂಗಾಳದ ಉದ್ದಗಲಕ್ಕೂ ಹಬ್ಬಿತು. ಮುಂಬಯಿಯಿಂದ ಮರಳಿದ ದಿನ ಆಕೆ ಮೇಮಿನ ಹಾಗೆ ಮನೆಯ ಎದುರು ಗಾಡಿಯಿಂದ ಇಳಿದರು. ಆಗ ಮನೆಯಲ್ಲಿ ಎದ್ದ ದುಃಖ ಹೇಳತೀರದು ಎಂದು ನಾದಿನಿ ಸ್ವರ್ಣಕುಮಾರಿ ದೇವಿ ನೆನಪಿಸಿಕೊಂಡಿದ್ದಾರೆ. ಆ ನಾದಿನಿಯೇ ಮುಂದೆ ಕಾದಂಬರಿಕಾರ್ತಿಯಾದರು. ಮನೆತನದ ಮಾಸಪತ್ರಿಕೆ ‘ಭಾರತಿ’ಯ ಸಂಪಾದಕಿಯಾದರು.

ಸತ್ಯೇಂದ್ರನಾಥರ ನೌಕರಿ ಈ ಮನೆತನವನ್ನು ಕನ್ನಡ ನಾಡಿಗೂ ತಂದಿತು. ಅವರ ಮಗಳು ಇಂದಿರಾ ದೇವಿ 1873ರ ಡಿಸೆಂಬರಿನಲ್ಲಿ ಹುಟ್ಟಿದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಕಲಾದಗಿಯಲ್ಲಿ. ರವೀಂದ್ರನಾಥರು ಪದ್ಮಾ ತೀರದಿಂದ ಬರೆದ ಪ್ರಸಿದ್ಧ ಪತ್ರಗಳಲ್ಲಿ ಹೆಚ್ಚಿನವು ಈ ಅಣ್ಣನ ಮಗಳಿಗೆ ಬರೆದವು. ಸತ್ಯೇಂದ್ರನಾಥ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತಮ್ಮ ರವೀಂದ್ರನಾಥ ಅಲ್ಲಿ ಬಂದು ಉಳಿದರು. ಕಾಳಿ ನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋದದ್ದನ್ನು ಅವರು ಮರೆಯಲಿಲ್ಲ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಕಾರವಾರದಲ್ಲೇ. ಅದೇ ವರ್ಷದ ಡಿಸೆಂಬರ್ 9ರಂದು ಜೋರಾಸಾಂಕೊ ಮನೆಯಲ್ಲಿ ಅವರ ಮದುವೆಯಾಯಿತು. ವಧು ಖುಲ್ನಾ ಕಡೆಯ ಹಳ್ಳಿಯವರು, ಟ್ಯಾಗೋರರ ಜಮೀನುದಾರಿಯ ನೌಕರರೊಬ್ಬರ ಮಗಳು. ಮನೆ ಎಷ್ಟೇ ಬದಲಾದರೂ ಸೊಸೆ ಬರುವ ದಾರಿ ಮಾತ್ರ ಬದಲಾಗಿರಲಿಲ್ಲ!

ರವೀಂದ್ರನಾಥರ ಬಾಲ್ಯವೂ ಈ ಮನೆಯಲ್ಲಿ ಸುಖದ ದಿನಗಳಲ್ಲ. ಹದಿನಾಲ್ಕನೆಯ ಮಗುವನ್ನು ನೋಡಿಕೊಂಡವರು ಆಳುಗಳು. ಶ್ಯಾಮ ಎಂಬ ಆಳು ಹುಡುಗನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಸೀತೆಯ ಕಥೆ ಹೇಳಿ ಹೆದರಿಸಿ, ತನ್ನ ಪಾಡಿಗೆ ಹೋಗುತ್ತಿದ್ದ. ಹುಡುಗ ಗೆರೆ ದಾಟದೆ ಕಿಟಕಿಯಿಂದ ಕೊಳವನ್ನೂ ಅದರ ದಡದ ಆಲದ ಮರವನ್ನೂ ನೋಡುತ್ತ ಕೂರುತ್ತಿದ್ದ. ಆದರೆ ಅದೇ ಮನೆಯಲ್ಲಿ 1881ರಲ್ಲಿ ‘ವಾಲ್ಮೀಕಿ ಪ್ರತಿಭಾ’ ಗೀತನಾಟಕ ನಡೆದಾಗ ಇಪ್ಪತ್ತು ವರ್ಷ ತುಂಬದ ಅದೇ ಹುಡುಗ ವಾಲ್ಮೀಕಿಯಾಗಿ ನಿಂತ. ಅಣ್ಣನ ಮಗಳು ಪ್ರತಿಭಾ ಸರಸ್ವತಿಯಾದಳು. ಒಳಮನೆಯ ಹೆಣ್ಣುಮಗಳು ಹೊರಗಿನ ಅತಿಥಿಗಳ ಎದುರು ವೇಷ ಕಟ್ಟಿದ್ದು ಅಂದಿಗೆ ಸಾಮಾನ್ಯ ಸಂಗತಿಯಲ್ಲ.

ದಕ್ಷಿಣದ ಪಡಸಾಲೆ

ಇತ್ತ 5ನೇ ನಂಬರಿನ ಮನೆಯಲ್ಲಿ ಗುಣೇಂದ್ರನಾಥರ ಮೂವರು ಮಕ್ಕಳಾದ ಗಗನೇಂದ್ರನಾಥ, ಸಮರೇಂದ್ರನಾಥ, ಅವನೀಂದ್ರನಾಥ ಬೆಳೆದರು. ಆ ಮನೆಯ ದಕ್ಷಿಣದ ಪಡಸಾಲೆಯಲ್ಲಿ ಮೂವರೂ ಸಾಲಾಗಿ ಕುರ್ಚಿ ಹಾಕಿ ಕೂರುತ್ತಿದ್ದರು. ಚಿತ್ರ ಬರೆಯುವುದು, ಓದುವುದು, ಬಂದವರೊಡನೆ ಹರಟುವುದು ಎಲ್ಲವೂ ಅಲ್ಲೇ. ಭಾರತೀಯ ಚಿತ್ರಕಲೆ ಪಶ್ಚಿಮದ ಅನುಕರಣೆ ಬಿಟ್ಟು ಮೊಗಲ್, ರಾಜಪೂತ, ಅಜಂತಾ ಶೈಲಿಗಳ ಕಡೆ ಹೊರಳಿದ್ದಕ್ಕೆ ಈ ಪಡಸಾಲೆ ಒಂದು ಮುಖ್ಯ ನೆಲೆ. 1905ರ ಸ್ವದೇಶಿ ಚಳವಳಿಯ ಕಾಲದಲ್ಲಿ ಅವನೀಂದ್ರನಾಥ ‘ಭಾರತಮಾತಾ’ ಚಿತ್ರ ಬರೆದರು. ಜಪಾನಿನ ಚಿಂತಕ ಒಕಾಕುರಾ ಈ ಮನೆಗೆ ಬಂದು ಹೋದವರು. ಅವರ ಬೆನ್ನಿಗೆ ಬಂದ ಜಪಾನಿ ಕಲಾವಿದ ಯೊಕೊಯಾಮಾ ತೈಕನ್ ಅವರಿಂದ ಅವನೀಂದ್ರನಾಥ ನೀರುಬಣ್ಣದ ಹೊಸ ವರಸೆ ಕಲಿತರು.

ಮೈಸೂರಿನ ಅರಸರ ನೆರವಿನಿಂದ ಕಲ್ಕತ್ತಕ್ಕೆ ಹೋದ ನಮ್ಮ ಕೆ. ವೆಂಕಟಪ್ಪನವರು ಅಲ್ಲಿನ ಸರ್ಕಾರಿ ಕಲಾಶಾಲೆಯಲ್ಲಿ ಇದೇ ಅವನೀಂದ್ರನಾಥರ ಶಿಷ್ಯರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಪುಸ್ತಕ 1913ರಲ್ಲಿ ಹೊರಬಂದಾಗ ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಚಿತ್ರಗಳಲ್ಲಿ ವೆಂಕಟಪ್ಪನವರವೂ ಇದ್ದವು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೂ ಜೋರಾಸಾಂಕೊಗೂ ಹೀಗೆ ಗುರುಪರಂಪರೆಯ ನಂಟಿದೆ.

ರವೀಂದ್ರನಾಥರ ಕೀರ್ತಿ ಹೊರನಾಡಿಗೆ ಹರಡಿದ್ದರಲ್ಲೂ ಈ ಪಡಸಾಲೆಯ ಪಾತ್ರವಿದೆ. 1910–11ರ ಭಾರತ ಪ್ರವಾಸದಲ್ಲಿ ಇಂಗ್ಲಿಷ್ ಚಿತ್ರಕಾರ ವಿಲಿಯಂ ರೊಥೆನ್‌ಸ್ಟೈನ್ ಜೋರಾಸಾಂಕೊಗೆ ಬಂದದ್ದು ಕವಿಯನ್ನು ನೋಡಲು ಅಲ್ಲ. ಚಿತ್ರಕಾರ ಸಹೋದರರನ್ನು ನೋಡಲು. ಬಿಳಿಯ ಉಡುಪು ತೊಟ್ಟು ಮಾತಿಲ್ಲದೆ ಕೂರುತ್ತಿದ್ದ ಅವರ ಚಿಕ್ಕಪ್ಪ ಆತನ ಗಮನ ಸೆಳೆದರು. ಆ ಚಿಕ್ಕಪ್ಪ ದೊಡ್ಡ ಬರಹಗಾರ ಎಂದು ಆಗ ಆತನಿಗೆ ತಿಳಿದಿರಲಿಲ್ಲ. 1912ರಲ್ಲಿ ಲಂಡನ್ನಿಗೆ ಹೋದಾಗ ರವೀಂದ್ರನಾಥ ‘ಗೀತಾಂಜಲಿ’ಯ ಇಂಗ್ಲಿಷ್ ಹಸ್ತಪ್ರತಿಯನ್ನು ಕೊಟ್ಟದ್ದು ಇದೇ ರೊಥೆನ್‌ಸ್ಟೈನ್ ಕೈಗೆ. ಅದು ಅವರ ಮೂಲಕ ಕವಿ ಯೇಟ್ಸ್‌ಗೆ ತಲುಪಿತು. 1913ರಲ್ಲಿ ನೊಬೆಲ್ ಬಂತು. 6ನೇ ನಂಬರಿನ ಕವಿ ಜಗತ್ತಿಗೆ ಹೊರಟದ್ದು 5ನೇ ನಂಬರಿನ ಬಾಗಿಲಿನಿಂದ ಎಂದರೆ ತಪ್ಪಾಗಲಾರದು.

1941: ಎರಡು ಅಗಲಿಕೆ

ರವೀಂದ್ರನಾಥ ಮನೆಯಿಂದ ಬೇಗನೇ ದೂರ ಸರಿದಿದ್ದರು. 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದ ಮೇಲೆ ಅವರ ಬದುಕು ಅಲ್ಲಿಗೆ ಹೊರಳಿತು. ಮರುವರ್ಷ ಪತ್ನಿ ಮೃಣಾಲಿನಿ ದೇವಿ ತೀರಿಕೊಂಡದ್ದು ಜೋರಾಸಾಂಕೊದಲ್ಲಿ. 1905ರ ಜನವರಿಯಲ್ಲಿ ಮಹರ್ಷಿ ಎಂದೇ ಹೆಸರಾಗಿದ್ದ ದೇವೇಂದ್ರನಾಥರೂ ಅಲ್ಲೇ ಕಣ್ಣು ಮುಚ್ಚಿದರು. ನೂರಾರು ಜನರಿದ್ದ ಮನೆ ಮೆಲ್ಲನೆ ಬರಿದಾಯಿತು.

5ನೇ ನಂಬರಿನ ಮನೆಯ ಸ್ಥಿತಿ ಇನ್ನೂ ಕಷ್ಟದ್ದು. ಗಗನೇಂದ್ರನಾಥ 1930ರಲ್ಲಿ ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡರು, 1938ರಲ್ಲಿ ತೀರಿಕೊಂಡರು. ಜಮೀನುದಾರಿಯ ಆದಾಯ ಕುಗ್ಗಿತು. ಸಹೋದರರು ಪ್ರೀತಿಯಿಂದ ಕೂಡಿಸಿದ್ದ ಕಲಾಸಂಗ್ರಹ ಅಹಮದಾಬಾದಿನ ಉದ್ಯಮಿ ಕಸ್ತೂರಭಾಯಿ ಲಾಲಭಾಯಿ ಅವರ ಕೈ ಸೇರಿತು.

1941ರ ಜುಲೈ 25ರಂದು ಅಸ್ವಸ್ಥರಾಗಿದ್ದ ರವೀಂದ್ರನಾಥರನ್ನು ಶಾಂತಿನಿಕೇತನದಿಂದ ಜೋರಾಸಾಂಕೊಗೆ ಕರೆತರಲಾಯಿತು. 30ರಂದು ಮನೆಯ ಪಡಸಾಲೆಯಲ್ಲೇ ಶಸ್ತ್ರಚಿಕಿತ್ಸೆ ನಡೆಯಿತು. ಅಂದು ಬೆಳಿಗ್ಗೆ ಅವರು ಕೊನೆಯ ಕವಿತೆ ಹೇಳಿ ಬರೆಸಿದರು. ಆಗಸ್ಟ್ 7ರ ಮಧ್ಯಾಹ್ನ ಎಲ್ಲವೂ ಮುಗಿಯಿತು. ಅದೇ ವರ್ಷ ಎಪ್ಪತ್ತರ ಅವನೀಂದ್ರನಾಥ ಹುಟ್ಟಿ ಬೆಳೆದ 5ನೇ ನಂಬರಿನ ಮನೆ ಬಿಟ್ಟು ನಗರದ ಹೊರವಲಯದ ಬರಾನಗರದ ಮನೆಯೊಂದಕ್ಕೆ ಹೊರಟರು. ಮನೆ ಮಾರಾಟವಾಗಿತ್ತು. ಕೊಂಡವರು ಅದನ್ನು ಕೆಡವಿದರು. ದಕ್ಷಿಣದ ಪಡಸಾಲೆಯೂ ಅದರೊಂದಿಗೆ ಹೋಯಿತು.

6ನೇ ನಂಬರಿನ ಮನೆಯನ್ನು ಉಳಿಸಿದ್ದು ರವೀಂದ್ರನಾಥರ ಹೆಸರು. ಅವರ ಸ್ಮಾರಕಕ್ಕಾಗಿ ರವೀಂದ್ರ ಭಾರತಿ ಸಂಸ್ಥೆ ಹುಟ್ಟಿಕೊಂಡಿತು. ಜನ್ಮಶತಮಾನೋತ್ಸವದ ವರ್ಷವಾದ 1961ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಕಾಯ್ದೆ ತಂದಿತು. 1962ರ ಮೇ 8ರಂದು ಜೋರಾಸಾಂಕೊ ಮನೆಯಲ್ಲಿ ರವೀಂದ್ರ ಭಾರತಿ ವಿಶ್ವವಿದ್ಯಾಲಯ ಆರಂಭವಾಯಿತು. ಸಂಗೀತ, ನೃತ್ಯ, ನಾಟಕ, ಚಿತ್ರಕಲೆ ಅದರ ಮುಖ್ಯ ವಿಷಯಗಳು. ಮನೆಯ ಕೋಣೆಗಳು ವಸ್ತುಸಂಗ್ರಹಾಲಯವಾದವು. ಕವಿ ಕೊನೆಯುಸಿರೆಳೆದ ಕೋಣೆಯನ್ನು ಇಂದೂ ಜನ ಚಪ್ಪಲಿ ಕಳಚಿಟ್ಟು ನೋಡುತ್ತಾರೆ.

ಮಹಾಪುರುಷರ ಮನೆ ಉಳಿಸಬೇಕು ಎಂಬ ತಿಳಿವಳಿಕೆ ನಮ್ಮ ದೇಶದಲ್ಲಿ ಬೆಳೆದಿದೆ. ಒಳ್ಳೆಯದೇ. ಆದರೆ ಮಹಾಪುರುಷ ಒಬ್ಬನೇ ಒಂದು ಮನೆಯಲ್ಲಿ ಬೆಳೆಯುವುದಿಲ್ಲ. ಗಂಡನೊಡನೆ ಮಾತಾಡಿ ಮೈತೊಳೆಯುತ್ತಿದ್ದ ದಿಗಂಬರಿ, ದೇವರನ್ನು ತೆಗೆದುಕೊಂಡು ಹೊರಟ ಯೋಗಮಾಯಾ, ಗಾಡಿಯಿಂದ ಇಳಿದ ಜ್ಞಾನದಾನಂದಿನಿ, ಪಡಸಾಲೆಯಲ್ಲಿ ಕುಂಚ ಹಿಡಿದು ಕುಳಿತ ಸಹೋದರರು, ಇವರೆಲ್ಲರೂ ಸೇರಿ ಜೋರಾಸಾಂಕೊ ಆಯಿತು. ಅವರಲ್ಲಿ ಅರ್ಧದಷ್ಟು ಜನರ ಮನೆ ಇಂದು ಹಳೆಯ ಛಾಯಾಚಿತ್ರಗಳಲ್ಲಿ ಮತ್ತು ನೆನಪಿನ ಪುಸ್ತಕಗಳಲ್ಲಿ ಮಾತ್ರ ಇದೆ.

ವಿದ್ಯಾರ್ಥಿಗಳು ಹೆಚ್ಚಿದಂತೆ ಹಳೆಯ ಮನೆಯಲ್ಲಿ ಜಾಗ ಸಾಲದಾಯಿತು. ವಿಶ್ವವಿದ್ಯಾಲಯಕ್ಕೆ ನಗರದ ಉತ್ತರ ಅಂಚಿನ ಬಾರಕ್‌ಪುರ ಟ್ರಂಕ್ ರಸ್ತೆಯಲ್ಲಿ ‘ಎಮರಾಲ್ಡ್ ಬೋವರ್’ ಎಂಬ ಹಳೆಯ ಬಂಗಲೆಯ ಆವರಣ ದೊರೆಯಿತು. ಅದು ಹಿಂದೆ ಪಥುರಿಯಾಘಾಟಾ ಟ್ಯಾಗೋರರ ತೋಟದ ಮನೆ. ಎಂದರೆ, ನೀಲಮಣಿ ಜಗಳವಾಡಿ ಬಿಟ್ಟು ಬಂದ ದರ್ಪನಾರಾಯಣನ ವಂಶದವರದು. 1784ರಲ್ಲಿ ಪಾಲಾದ ಅಣ್ಣತಮ್ಮಂದಿರ ಮನೆಗಳು ಈಗ ಒಂದೇ ವಿಶ್ವವಿದ್ಯಾಲಯದ ಎರಡು ಆವರಣಗಳು.